ಮಾದರಿ ಹೆಸರು

ಇಂಥದ್ದನ್ನು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಕಂಪ್ಯೂಟರ್ ಮುಂದೆ ಕೂತು ದುಡಿಯುವವಳು ನಾನು. ನಾವು ಹಾಕಿದ್ದು ಬಿಟ್ಟು ಅದರೊಳಗೆ ಬೇರೇನೂ ಇರುವುದಿಲ್ಲ ಎಂದೇ ನಂಬಿದ್ದೆ. ನೀವೂ ನಕ್ಕರೆ ನನಗೆ ಬೇಸರವಿಲ್ಲ.

ಮೂರು ವರ್ಷದ ಹಿಂದೆ ಶಿವಮೊಗ್ಗದ ಆಲ್ಕೊಳ ಸರ್ಕಲ್ ಹತ್ತಿರದ ಸಣ್ಣ ಆಫೀಸಿನಲ್ಲಿ ಕೆಲಸಕ್ಕಿದ್ದೆ. ರಕ್ತನಿಧಿಗಳಿಗೆ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಆಸ್ಪತ್ರೆಗಳ ಕಂಪ್ಯೂಟರ್ ಅದರಿಂದ ಮಾಹಿತಿ ಪಡೆಯುವುದು ಹೇಗೆ ಎಂಬ ವಿವರಣೆಯೇ ಎಪಿಐ ಡಾಕ್ಯುಮೆಂಟೇಶನ್. ಅದನ್ನು ಕೈಯಾರೆ ಬರೆಯಬೇಕಿಲ್ಲ. ಕೋಡ್‌ನಲ್ಲಿರುವ ಟಿಪ್ಪಣಿ, ಮಾದರಿ ಉತ್ತರಗಳನ್ನು ಹೆಕ್ಕಿ ಕಂಪ್ಯೂಟರೇ ಪುಟ ಕಟ್ಟಿಕೊಡುತ್ತದೆ. ಆ ಕೋಡ್ ಬರೆದವಳು ನನ್ನ ಗೆಳತಿ ಶಬಾನಾ. ಏಳು ತಿಂಗಳ ಬಸುರಿ. ಕೆಲಸ ಬಿಟ್ಟು ಭದ್ರಾವತಿಯ ನ್ಯೂ ಟೌನಿನ ಮನೆಯಲ್ಲಿದ್ದಳು.

ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ಪುಟಗಳನ್ನು ತಯಾರಿಸಿದೆ. ‘ತುರ್ತು ಬೇಡಿಕೆ’ ಎಂಬ ಪುಟದ ಮಾದರಿಯಲ್ಲಿ ರೋಗಿಯ ಹೆಸರು ಶಬಾನಾ, ಊರು ಭದ್ರಾವತಿ, ರಕ್ತದ ಗುಂಪು ಓ ನೆಗೆಟಿವ್ ಎಂದಿತ್ತು. ನಗು ಬಂತು. ಫೋನ್ ಮಾಡಿದೆ.

“ಏನೇ ಮಾರಾಯ್ತಿ, ಮಾದರಿಗೆ ನಿನ್ ಹೆಸರೇ ಬೇಕಿತ್ತಾ? ಓ ನೆಗೆಟಿವ್ ಅಂತ ಬೇರೆ ಹಾಕಿದೀಯ!”

“ಇಲ್ವಲ್ಲೇ, ಎಲ್ಲಾ ಕಡೆ ಟೆಸ್ಟ್ ಅಂತಾನೇ ಹಾಕಿದೀನಿ. ಸರಿಯಾಗಿ ನೋಡು. ಅಲ್ಲಾ, ನನ್ ಬ್ಲಡ್ ಗ್ರೂಪ್ ನಿಂಗೆ ಹೇಗೆ ಗೊತ್ತು?”

ಕೋಡ್ ತೆರೆದೆ. ಅಲ್ಲಿ ‘ಟೆಸ್ಟ್’ ಎಂದೇ ಇತ್ತು. ಮತ್ತೆ ಪುಟ ತಯಾರಿಸಿದೆ. ಈಗ ಅದರಲ್ಲೂ ‘ಟೆಸ್ಟ್’. ಮೊದಲಿನ ಪುಟ ಅಳಿಸಿಹೋಗಿತ್ತು. ಏನೋ ತಪ್ಪು ನೋಡಿರಬೇಕು ಎಂದುಕೊಂಡರೂ ಕೂರಲಾಗಲಿಲ್ಲ. ಗೋಪಾಳದಲ್ಲಿ ಓ ನೆಗೆಟಿವ್ ರಕ್ತದ ಮೇಷ್ಟ್ರೊಬ್ಬರಿದ್ದರು, ಕರೆದಾಗಲೆಲ್ಲ ಬಂದು ಕೊಡುವವರು. ಊರಲ್ಲೇ ಇದ್ದೀರಾ ಎಂದು ಕೇಳಿ, ಸ್ವಲ್ಪ ರಕ್ತನಿಧಿಯ ಕಡೆ ಬನ್ನಿ ಸಾರ್ ಎಂದೆ. ಯಾರಿಗೆ ಎಂದು ಅವರು ಕೇಳಿದಾಗ, ಬನ್ನಿ, ಆಮೇಲೆ ಹೇಳ್ತೀನಿ ಎಂದು ಫೋನ್ ಇಟ್ಟೆ.

ಇನ್ನೂ ಒಂದು ಗಂಟೆ ಕಳೆದಿರಲಿಲ್ಲ, ಶಬಾನಾಳ ಗಂಡನ ಫೋನ್ ಬಂತು.

“ಅಕ್ಕಾ, ಇದ್ದಕ್ಕಿದ್ದಂಗೆ ಬ್ಲೀಡಿಂಗ್ ಆಗ್ತಿದೆ. ಆಂಬುಲೆನ್ಸಲ್ಲಿ ಶಿವಮೊಗ್ಗಕ್ಕೆ ಕರ್ಕೊಂಡ್ ಬರ್ತಿದೀನಿ. ಅವಳ ಗ್ರೂಪ್ ಎಲ್ಲೂ ಸಿಗ್ತಿಲ್ವಂತೆ…”

ಮೇಷ್ಟ್ರು ಅಷ್ಟರಲ್ಲಿ ರಕ್ತನಿಧಿಗೆ ಬಂದು ಕೂತಿದ್ದರು. ಶಬಾನಾ ಉಳಿದಳು. ಮಗು ಉಳಿಯಲಿಲ್ಲ.

ಆಮೇಲೆ ಕೋಡ್‌ನ ಹಳೆಯ ದಾಖಲೆಗಳನ್ನೆಲ್ಲ ಜಾಲಾಡಿದೆ. ಆ ಹೆಸರನ್ನು ಯಾರೂ ಎಂದೂ ಬರೆದಿರಲಿಲ್ಲ. ಪುಟವನ್ನು ನನ್ನ ಹೊರತು ಯಾರೂ ನೋಡಿರಲಿಲ್ಲ.

ತಿಂಗಳ ನಂತರ ಧೈರ್ಯ ಮಾಡಿ ಶಬಾನಾಗೆ ಎಲ್ಲವನ್ನೂ ಹೇಳಿದೆ. ಅವಳು, “ಮಗು ಬಗ್ಗೆ ಏನಾದ್ರೂ ಬರ್ದಿತ್ತಾ?” ಎಂದು ಕೇಳಿದಳು.

ಅವಳ ಹೆಸರು ಕಂಡು ನಕ್ಕವಳು ನಾನು, ಪುಟದ ಕೆಳಗಿನ ಭಾಗವನ್ನು ಓದಿಯೇ ಇರಲಿಲ್ಲ.