ಆಟೋ ಹಾರ್ನಿನ ನಿಷಾದ

ಧಾರವಾಡದಿಂದ ಬಂದು ಯಲಹಂಕದ ಕಾಲೇಜೊಂದರಲ್ಲಿ ಕೆಲಸಕ್ಕಿದ್ದ ದಾಕ್ಷಾಯಣಿಗೆ ಹಳೇ ಆಟೋಗಳ ರಬ್ಬರ್ ಹಾರ್ನಿನ ಹುಚ್ಚು. ಅದೇ ಹುಚ್ಚಿನ ಮುನೀಂದ್ರನ ಕೊಡಿಗೇಹಳ್ಳಿ ಮನೆಯಂಗಳದಲ್ಲಿ ಇಬ್ಬರೂ ಸೇರಿ ಉದ್ದನೆಯ ಹಲಗೆಗೆ ಸ, ರಿ, ಗ ಎಂದು ದ-ವರೆಗೂ ಹಾರ್ನುಗಳನ್ನು ಜೋಡಿಸಿದ್ದರು. ನಿ ಸ್ವರದ ಹಾರ್ನು ಮಾತ್ರ ಎಲ್ಲೂ ಸಿಕ್ಕಿರಲಿಲ್ಲ.

ಶನಿವಾರ ಹೆಬ್ಬಾಳದ ಟ್ರಾಫಿಕ್ ಜಾಮಿನಲ್ಲಿ ಸಿಕ್ಕಿಕೊಂಡಿದ್ದ ಆಟೋವೊಂದು 'ಪೋಂ' ಎಂದಿತು. ಬಸ್ ಸ್ಟಾಪಿನಲ್ಲಿದ್ದವರೆಲ್ಲ ಕಿವಿ ಮುಚ್ಚಿಕೊಂಡರೆ, ದಾಕ್ಷಾಯಣಿ ಅದರತ್ತ ಓಡಿದಳು.

"ಅಣ್ಣಾರ, ಇನ್ನೊಮ್ಮೆ ಒತ್ರಿ!"

ಬೈಗುಳ ನಿರೀಕ್ಷಿಸಿದ್ದ ಚಾಲಕ ಆನಂದಪ್ಪ ಅಳುಕುತ್ತಲೇ ಒತ್ತಿದ. ಅದೇ ನಿ! ಕೊಡ್ತೀರೇನ್ರಿ ಎಂದರೆ, "ನಮ್ಮಪ್ಪನ ಕಾಲದ್ದು, ಕೊಡಾಕಿಲ್ಲ ಕಣಮ್ಮ" ಅಂದುಬಿಟ್ಟ. ಅವಳಿಗೆ ಸಿಟ್ಟು ನೆತ್ತಿಗೇರಿತು.

"ಹಂಗಾರ ನಾಳೆ ಹಾರ್ನ್ ಜೋಡಿ ನೀವೂ ಬರ್ರಿ!" ಎಂದು ಮುನೀಂದ್ರನ ಮನೆಯ ಗುರುತು ಹೇಳಿದಳು.

ಭಾನುವಾರ ಆನಂದಪ್ಪ ಬಂದೇಬಿಟ್ಟ. ಆಟೋವನ್ನು ಅಂಗಳಕ್ಕೇ ನುಗ್ಗಿಸಿ ಹಲಗೆಯ ಪಕ್ಕ ನಿಲ್ಲಿಸಿದ. ಮುನೀಂದ್ರ ಸ-ದಿಂದ ದ-ವರೆಗೆ ಒತ್ತಿದ. ಸರಿಯಾದ ಗಳಿಗೆಗೆ ಆನಂದಪ್ಪ ನಿ ಸೇರಿಸಿದ. ಮೂವರೂ ಉಸಿರು ಬಿಗಿಹಿಡಿದು ಮೇಲಿನ ಸ-ಕ್ಕೆ ಕಾದರು. ಅಂಥ ಹಾರ್ನು ಅಲ್ಲಿರಲೇ ಇಲ್ಲ!

ಎಲ್ಲರಿಗಿಂತ ಮೊದಲು ತಡೆಯಲಾಗದೆ ಹೋದವನು ಆನಂದಪ್ಪ. ಗಾಡಿ ಸ್ಟಾರ್ಟ್ ಮಾಡಿಯೇಬಿಟ್ಟ.

"ಅದು ಬ್ಯಾಟರಾಯನಪುರದಾಗೆ ನಮ್ ಬಾಮೈದನ ಆಟೋದಲ್ಲೈತೆ. ಬೇಗ ಗಾಡಿ ಅತ್ಕೊಳ್ಳಿ!"