ದೊಡ್ಡಮ್ಮ ಕೇಳುತ್ತಿದ್ದ ಪ್ರಶ್ನೆ

ಹೋದ ಭಾನುವಾರ ಬಾಳ್ಳುಪೇಟೆಯಲ್ಲಿ ಮರಗೆಲಸದ ಅಂಗಡಿಯ ಮುಂದೆ ಬಸ್ಸಿಗೆ ಕಾಯುತ್ತಿದ್ದೆ. ಒಳಗೆ ಹಳೆಯ ಮಂಚವೊಂದನ್ನು ಕೊಯ್ಯುತ್ತಿದ್ದರು. ಬೀಟೆ ಮರದ ಹುಡಿಯ ಸಿಹಿ ವಾಸನೆ ಮೂಗಿಗೆ ಬಂತು. ಪಕ್ಕದ ತೋಟದ ದೊಡ್ಡಮ್ಮ ನೆನಪಾದರು...

ದೋಣಿಗಲ್ಲಿನ ಅವರ ಎರಡೆಕರೆ ಕಾಫಿ ತೋಟದಲ್ಲಿ ಒಂದು ಬೀಟೆ ಮರವಿತ್ತು. ಸಸಿಯಾಗಿದ್ದಾಗ ಬೇಲಿ ಕಟ್ಟಿ, ದನದ ಬಾಯಿಂದ ಉಳಿಸಿ ಬೆಳೆಸಿದವರು ಅವರೇ. ಒಂದು ಮಳೆಗಾಲದ ಗಾಳಿಗೆ ಅದು ಮನೆ ಮುಂದಿನ ಕಾಫಿ ಒಣಗಿಸುವ ಕಣದ ಮೇಲೆ ಅಡ್ಡ ಬಿತ್ತು. ಬೀಟೆ ಸರ್ಕಾರದ ಸ್ವತ್ತು, ಅನುಮತಿಯಿಲ್ಲದೆ ಮುಟ್ಟುವಂತಿಲ್ಲ ಎಂದರು ಅರಣ್ಯ ಇಲಾಖೆಯವರು. ನನ್ನ ಡೈರಿಯ ಪ್ರಕಾರ ಆ ಅನುಮತಿಗಾಗಿ ದೊಡ್ಡಮ್ಮ ಹದಿನೇಳು ಸಲ ಸಕಲೇಶಪುರಕ್ಕೆ ಹೋಗಿಬಂದರು. ಎರಡು ಕೊಯ್ಲಿನ ಕಾಫಿಯನ್ನು ನಮ್ಮ ಕಣದಲ್ಲಿ ಒಣಗಿಸಿದರು.

೨೦೧೮ರ ಚುನಾವಣೆಯಲ್ಲಿ ಮತ ಕೇಳಲು ಬಂದವರೆಲ್ಲ ಆ ಮರ ದಾಟಿಕೊಂಡೇ ಬರಬೇಕಾಯಿತು. ಒಬ್ಬರು ಪರಿಹಾರ ಕೊಡಿಸುತ್ತೇನೆ ಎಂದರು. ಇನ್ನೊಬ್ಬರು ಹೊಸ ಕಣವನ್ನೇ ಮಾಡಿಸಿಕೊಡುತ್ತೇನೆ ಎಂದರು. ದೊಡ್ಡಮ್ಮ ಬಂದವರನ್ನೆಲ್ಲ ಕೇಳಿದ್ದು ಒಂದೇ.

"ಏನ್ ಕೊಡ್ತೀಯ ಅಂತ ನಾನ್ ಕೇಳ್ಲಿಲ್ಲ ಕಣಪ್ಪ. ಏನ್ ಕೈಬಿಡ್ತೀಯ ಹೇಳು. ನಾನ್ ಬೆಳ್ಸಿದ್ ಮರದ್ ಮೇಲಿಂದ ಕೈ ತೆಗೀತೀಯ?"

"ಅದು ಕಾನೂನಮ್ಮ, ನಾವೇನು ಮಾಡೋಕಾಗುತ್ತೆ?"

"ಕಾನೂನ್ ಮಾಡೋ ಜಾಗಕ್ಕೆ ಹೋಗ್ತೀನಿ ಅಂತಿರೋನು ನೀನೇ ಅಲ್ವೇನೋ ಮಾರಾಯ?"

ನಾನು ಡೈರಿಯಲ್ಲಿ ಎರಡು ಕಾಲಂ ಎಳೆದೆ: ಕೊಡುವುದು, ಕೈಬಿಡುವುದು. ಮೊದಲನೆಯದು ಪುಟ ತುಂಬಿ ಮುಂದಿನ ಪುಟಕ್ಕೆ ಹೋಯಿತು. ಎರಡನೆಯದರಲ್ಲಿ ಒಂದಕ್ಷರವೂ ಬೀಳಲಿಲ್ಲ.

ಆದರೂ ಮತದಾನದ ದಿನ ದೊಡ್ಡಮ್ಮ ಒಳ್ಳೆಯ ಸೀರೆ ಉಟ್ಟು ಹೊರಟರು. ಮತ ಹಾಕಲು ತಕ್ಕವರು ಯಾರೂ ಇಲ್ಲದ ಮೇಲೆ ಯಾಕೆ ಅಷ್ಟು ದೂರ ನಡೆಯುತ್ತೀರಿ ಎಂದೆ.

"ಹೋಗ್ದಿದ್ರೆ ಮುದುಕಿ ಮಲ್ಕೊಂಬುಟ್ಟವ್ಳೆ ಅಂತಾರೆ. ಹೋಗಿ ಯಾರೂ ಬೇಡ ಅಂತ ಒತ್ತಿದ್ರೆ ಎಣಿಸ್ಲೇಬೇಕು ಕಣೋ."

ನಾನು ಅಂದು ಡಾಂಬರು ರಸ್ತೆ ಮಾಡಿಸುತ್ತೇನೆ ಎಂದವರಿಗೆ ಹಾಕಿ ಬಂದೆ. ದೊಡ್ಡಮ್ಮನಿಗೆ ಹೇಳಲಿಲ್ಲ...

ಅನುಮತಿ ಬರುವ ಮೊದಲೇ ದೊಡ್ಡಮ್ಮ ತೀರಿಕೊಂಡರು. ಹೆಣ ಹೊತ್ತವರೂ ಆ ಮರವನ್ನು ಸುತ್ತಿಕೊಂಡೇ ಹೋದೆವು.

ಆ ಭಾನುವಾರ ಬಾಳ್ಳುಪೇಟೆಯಿಂದ ಮನೆಗೆ ಬಂದರೆ ಮುಂದಿನ ಚುನಾವಣೆಯ ಟಿಕೆಟ್ ಆಕಾಂಕ್ಷಿಯೊಬ್ಬರು ಜಗಲಿಯಲ್ಲಿ ಕೂತಿದ್ದರು. ಏನೇನು ಕೊಡಿಸುವುದೆಂದು ಅವರು ಶುರು ಮಾಡುವ ಮೊದಲೇ, ಏನು ಕೈಬಿಡುತ್ತೀರಿ ಎಂದು ಕೇಳಿದೆ.

ಅವರು ಕಾಫಿ ಲೋಟ ಕೆಳಗಿಟ್ಟರು. "ಇದೇನ್ರೀ, ಹೆಗ್ಗದ್ದೆ ಊರಲ್ಲೂ ಮೂರು ಮನೇಲಿ ಇದನ್ನೇ ಕೇಳಿದ್ರು."

ಅವರು ಎದ್ದು ಚಪ್ಪಲಿ ಮೆಟ್ಟಿ ಹೊರಟರು. ನಾಲ್ಕು ಮತಕ್ಕೆ ಯಾರೂ ಉತ್ತರ ಹುಡುಕುವುದಿಲ್ಲ, ನಾನೂರಾದಾಗ ಹುಡುಕುತ್ತಾರೆ. ಸಂಜೆ ಡೈರಿಯಲ್ಲಿ ಮೂರನೆಯ ಕಾಲಂ ಎಳೆದು 'ಕೇಳುವವರು' ಎಂದು ಬರೆದೆ. ಕೆಳಗೆ ಆ ಮೂರು ಮನೆಗೂ ನನಗೂ ಸೇರಿ ನಾಲ್ಕು ಗೀಟು ಹಾಕಿದೆ. ದೊಡ್ಡಮ್ಮ ಇದ್ದಿದ್ದರೆ ಐದು.