ವಾಲ್ಟರ್ ಅವರ ಮುತ್ತಜ್ಜನ ಊರು

ಅರಬ್ ನಾಡಿನ ಜೆಬೆಲ್ ಅಲಿ ಬಂದರಿನ ಗೋದಾಮಿನ ಕಚೇರಿಗೆ ಸೇರಿದ ಮೊದಲ ದಿನ ನನ್ನನ್ನು ಬೆಚ್ಚಿಬೀಳಿಸಿದ್ದು ಮ್ಯಾನೇಜರರ ಗೋಡೆ. ಹಡಗುಗಳ ವೇಳಾಪಟ್ಟಿ ಇರಬೇಕಾದಲ್ಲಿ ಸತ್ತವರ ಹೆಸರುಗಳಿದ್ದವು.

ಮ್ಯಾನೇಜರ್ ವಾಲ್ಟರ್ ಅಮೆರಿಕದವರು. ಅವರ ಮುತ್ತಜ್ಜ ಜರ್ಮನಿಯಿಂದ ಡಕೋಟಾಕ್ಕೆ ಹೋಗಿ, ಹುಲ್ಲುಗಾವಲು ಉತ್ತು ಗೋದಿ ಬೆಳೆದವರಂತೆ. ಗೋಡೆಯ ಮೇಲಿನ ಆ ವಂಶವೃಕ್ಷ ಮುತ್ತಜ್ಜನಲ್ಲಿಗೆ ನಿಂತಿತ್ತು, ಅದರ ಹಿಂದಿನವರು ಗೊತ್ತಿರಲಿಲ್ಲ. ಅಪ್ಪನೊಡನೆ ಜಗಳವಾಡಿ ಊರು ಬಿಟ್ಟರು, ಅಪ್ಪ ಮಗನ ಹೆಸರೆತ್ತುವುದನ್ನೇ ನಿಲ್ಲಿಸಿದರು ಎಂಬುದಷ್ಟೇ ಮನೆಯವರಿಗೆ ಗೊತ್ತು. ಯಾವ ಊರೆಂದು ಯಾರಿಗೂ ಗೊತ್ತಿರಲಿಲ್ಲ.

ಆಗ ನಾವು, ಪುಟ್ಟ ಮಗಳೊಡನೆ, ಅಲ್ ನಹ್ದಾ ಬಡಾವಣೆಯಲ್ಲಿ, ಒಂದು ಮಲಯಾಳಿ ಕುಟುಂಬದ ಫ್ಲ್ಯಾಟಿನ ಹಾಲಿಗೆ ಪ್ಲೈವುಡ್ ಅಡ್ಡ ಹಾಕಿದ ಅರ್ಧದಲ್ಲಿದ್ದೆವು. ಅಲ್ಲಿಯೂ ಬಂಗುಡೆ ಮೀನು ಸಿಗುತ್ತಿತ್ತು. ಆದರೆ ಟ್ಯಾಂಕಿನ ನೀರಿನಲ್ಲಿ ಕುದಿಸಿದ ಸಾರಿಗೆ ಮಂಗಳೂರಿನ ನಮ್ಮ ಬಾವಿಯ ರುಚಿ ಬರುತ್ತಿರಲಿಲ್ಲ. ಹೊರಡು ಅನ್ನಲು ‘ಯಲ್ಲಾ’, ಮುಗಿಯಿತು ಅನ್ನಲು ‘ಖಲಾಸ್’ ಬೇಗ ಕಲಿತೆ. ಮಂಗಳೂರಿನ ನಮ್ಮ ಬೀದಿಯಲ್ಲಿ ಹೊಸಬರನ್ನು ಯಾರ ಮಗಳು ಎಂದು ಕೇಳುತ್ತಾರೆ. ಇಲ್ಲಿ ಕೇಳುತ್ತಿದ್ದದ್ದು ಯಾವ ಕಂಪನಿಯ ವೀಸಾ ಎಂದು.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ವಾಲ್ಟರ್ ಒಂದು ಕಾಗದದ ಪ್ರತಿ ತೋರಿಸಿದರು. ಮುತ್ತಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದಂತೆ. ನಮ್ಮ ಕಚೇರಿಯ ಜರ್ಮನ್ ಹುಡುಗಿಗೂ ಆ ಹಳೆಯ ಕೈಬರಹ ಓದಲಾಗಲಿಲ್ಲ. ಇರುವೆ ಕಾಲಿನಂಥ ಆ ಓರೆ ಅಕ್ಷರ ನನಗೆ ಗುರುತಾಯಿತು. ಮಂಗಳೂರಿನಲ್ಲಿರುವ ನನ್ನ ದೊಡ್ಡಪ್ಪ ಬಾಲ್ಯದಲ್ಲಿ ಜರ್ಮನ್ ಪಾದ್ರಿಯೊಬ್ಬರ ಬಳಿ ಆ ಭಾಷೆಯನ್ನೂ ಬರಹವನ್ನೂ ಕಲಿತಿದ್ದರು. ಅವರ ನೋಟುಬುಕ್ಕನ್ನು ಚಿಕ್ಕಂದಿನಲ್ಲಿ ನೋಡಿದ್ದೆ. ಕಾಗದವನ್ನು ಅಂಚೆಯಲ್ಲಿ ಅವರಿಗೆ ಕಳಿಸಿದೆ.

ತಿಂಗಳೊಳಗೆ ಉತ್ತರ ಬಂತು. ಅದು ಮುತ್ತಜ್ಜನಿಗೆ ಅವರ ತಾಯಿ ಬರೆದ ಕಾಗದ. ಮೇಲ್ತುದಿಯಲ್ಲೇ ಊರಿನ ಹೆಸರಿತ್ತು. ದೊಡ್ಡಪ್ಪನ ಅನುವಾದವನ್ನು ನಾನು ಗಟ್ಟಿಯಾಗಿ ಓದಿದೆ: “ತೊರೆಯ ಪಕ್ಕದ ಗದ್ದೆಯನ್ನು ನಿನ್ನ ಅಪ್ಪ ಯಾರಿಗೂ ಕೊಟ್ಟಿಲ್ಲ. ಅದು ನಿನ್ನ ಪಾಲು ಎನ್ನುತ್ತಾರೆ. ಬಾಯಿಬಿಟ್ಟು ಕರೆಯಲು ಅವರಿಗೆ ಬರುವುದಿಲ್ಲ.”

ವಾಲ್ಟರ್ ಕನ್ನಡಕ ತೆಗೆದರು. ಮನೆತನವಿಡೀ ತಪ್ಪು ತಿಳಿದಿದ್ದೆವು ಎಂದಷ್ಟೇ ಹೇಳಿ ಎದ್ದುಹೋದರು.

ಮುಂದಿನ ಶುಕ್ರವಾರ ಖರ್ಜೂರದ ಪೊಟ್ಟಣ ಹಿಡಿದು ನಮ್ಮ ಪ್ಲೈವುಡ್ ಮನೆಗೆ ಬಂದರು. ದೊಡ್ಡಪ್ಪನಿಗೆ ಥ್ಯಾಂಕ್ಸ್ ಹೇಳಬೇಕಿತ್ತು. ಫೋನ್ ಹಚ್ಚಿಕೊಟ್ಟೆ. ಆ ಕಡೆಯಿಂದ ಮುದುಕರು ಉತ್ಸಾಹದಿಂದ ಜರ್ಮನ್ ಶುರುಮಾಡಿದರು. ವಾಲ್ಟರ್ ಕಿವಿಯವರೆಗೂ ಕೆಂಪಾದರು. ಅವರಿಗೆ ಒಂದು ಮಾತೂ ಅರ್ಥವಾಗಲಿಲ್ಲ. ಜರ್ಮನಿಯೊಡನೆ ಯುದ್ಧ ನಡೆದ ಕಾಲದಲ್ಲಿ ಅವರ ಅಜ್ಜಿ ಮನೆಯಲ್ಲಿ ಆ ಭಾಷೆ ಆಡುವುದನ್ನೇ ಬಿಟ್ಟಿದ್ದರಂತೆ. ಕೊನೆಗೆ ಇಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿಕೊಂಡರು.

ದೊಡ್ಡಪ್ಪ ನನ್ನ ಮಗಳಿಗೂ ಫೋನ್ ಕೊಡಲು ಹೇಳಿದರು. ಅವಳಿಗೆ ಏಳು ವರ್ಷ. ರಿಸೀವರಿನ ಆಚೆಯಿಂದ ಅವರ ದೊಡ್ಡ ದನಿ ನನಗೂ ಕೇಳಿಸಿತು: “ಮನೆಗೆ ಯಾವಾಗ ಬರ್ತಿ ಮಗಾ?”

ಅವಳು ಸುತ್ತ ನೋಡಿ ಹೇಳಿದಳು: “ಐ ಆಮ್ ಅಟ್ ಹೋಮ್ ಓನ್ಲಿ, ಅಜ್ಜ.”

ವಾಲ್ಟರ್ ನನ್ನತ್ತ ನೋಡಲಿಲ್ಲ. ದೊಡ್ಡಪ್ಪ ಮಾತು ಬದಲಿಸಿ, ಊಟ ಆಯಿತಾ ಎಂದು ಕೇಳಿದರು. ನಾನು ರಿಸೀವರ್ ತೆಗೆದುಕೊಂಡು ಶಾಲೆಗೆ ರಜೆ ಸಿಕ್ಕಾಗ ಹೊರಡುತ್ತೇವೆ ಎಂದೆ. ಮನೆಗೆ ಬರುತ್ತೇವೆ ಅಂದೆನೋ, ಊರಿಗೆ ಬರುತ್ತೇವೆ ಅಂದೆನೋ, ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.